ಬೆಟ್ಟಮ್ಮನ ಬಕೆಟ್ಟಿನಲ್ಲಿ ಐದು ಕ್ಯೂಬು

ಹೊಳೆನರಸೀಪುರದ ಪೇಟೆಯ ಹಿಂದಿನ ಬೀದಿ. ಡಿಸೆಂಬರಿನ ಬೆಳಗು. ಹೊಳೆ ಕಡೆಯಿಂದ ಎದ್ದು ಬಂದ ಮಂಜು ಇನ್ನೂ ಮನೆಗಳ ಸೂರು ಬಿಟ್ಟು ಕದಲಿಲ್ಲ. ಮನೆ ಮುಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತ ಬೆಟ್ಟಮ್ಮ, ರಾತ್ರಿಯಿಡೀ ಬಯಲಲ್ಲಿ ಇಟ್ಟಿದ್ದ ಬಕೆಟ್ಟಿನ ನೀರಿಗೆ ಮೊಣಕೈವರೆಗೂ ಕೈ ಇಳಿಬಿಟ್ಟಿದ್ದಾರೆ. ವಯಸ್ಸು ಅರವತ್ತರ ಹತ್ತಿರ. ತಲೆಗೆ ಗಂಡನ ಮಫ್ಲರ್ ಸುತ್ತಿಕೊಂಡಿದ್ದಾರೆ. ನೋಡಿದವರಿಗೇ ಹಲ್ಲು ಕಟಕಟಿಸುವಂಥ ಆ ನೀರೊಳಗೆ ಅವರ ಬೆರಳುಗಳು ಏನನ್ನೋ ತಿರುವುತ್ತಿವೆ, ಆ ಕಡೆಗೊಮ್ಮೆ, ಈ ಕಡೆಗೊಮ್ಮೆ.

ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡನ್ನು ನಿಲ್ಲಿಸಿ ಕೆಂಚಯ್ಯ ಕೇಳುತ್ತಾನೆ: “ಏನ್ ಬೆಟ್ಟಕ್ಕ, ಈ ಚಳೀಲಿ ಆಲೂಗಡ್ಡೆ ತೊಳೀತಾ ಕುಂತಿದ್ದೀಯಲ್ಲ?”

“ಊಂ ಕಣಪ್ಪ, ಬಣ್ಣದ್ ಆಲೂಗಡ್ಡೆ. ಓಗು ಓಗು, ನಿನ್ ವರ್ತನೆ ಹಾಲಿನ್ ಮನೆಯೋರು ಕಾಫಿಗೆ ನೀರಿಟ್ಕಂಡ್ ಕಾಯ್ತಾವ್ರೆ.”

ಅವನು ನಗುತ್ತಾ ಹೋಗುತ್ತಾನೆ. ಬೆಟ್ಟಮ್ಮ ನೀರಿನಿಂದ ಕೈ ಮೇಲೆತ್ತುತ್ತಾರೆ. ಕೈಯಲ್ಲಿರುವುದು ಕ್ಯೂಬು. ಮಕ್ಕಳು ದೊಡ್ಡವರೆನ್ನದೆ ಎಲ್ಲರೂ ತಿರುಗಿಸಿ ತಲೆ ಕೆಡಿಸಿಕೊಳ್ಳುವ ಆರು ಬಣ್ಣದ ಅದೇ ಕ್ಯೂಬು. ಬಕೆಟ್ಟಿನ ತಳದಲ್ಲಿ ಇನ್ನೂ ನಾಲ್ಕಿವೆ. ಇವತ್ತು ಹತ್ತು ಗಂಟೆಗೆ ಹಾಸನದ ಈಜುಕೊಳದಲ್ಲಿ ಅರಕಲಗೂಡಿನ ಹಂಸ ಎಂಬ ಹುಡುಗಿ ಈ ಐದನ್ನೂ ಹಿಡಿದು ನೀರೊಳಗೆ ಮುಳುಗುತ್ತಾಳೆ. ಒಂದೇ ಉಸಿರಿನಲ್ಲಿ ಐದರ ಬಣ್ಣವನ್ನೂ ಕೂಡಿಸಿ ಮೇಲೆ ಬರಬೇಕು. ಕ್ಯೂಬುಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಬಿಗಿ ನೋಡಿ ಕಳಿಸುವವರು ಬೆಟ್ಟಮ್ಮ. ತಮಾಷೆಯೆಂದರೆ, ಅದನ್ನು ಆಡಲು ಅವರಿಗೆ ಬರುವುದಿಲ್ಲ.

“ಒಂದ್ ಮಖ ಕೂಡ್ಸಕ್ಕೂ ಬರಾಕಿಲ್ಲ ನಂಗೆ. ಕೆಂಪು ಸರಿಮಾಡಕ್ಕೋದ್ರೆ ಹಳದಿ ಓಡೋಯ್ತದೆ. ಅದೆಲ್ಲ ಆ ಮಕ್ಕಳ ತಲೇಲಿ ಐತೆ ಬುಡಿ, ನಂಗ್ಯಾಕೆ?”

ಕಲ್ಲಿನ ಪಕ್ಕದಲ್ಲಿ ಒಂದು ಸ್ಟೀಲ್ ತಟ್ಟೆ. ಅದರ ಮೇಲೆ ರಾತ್ರಿ ಮಲಗುವ ಮೊದಲು ಬಿಟ್ಟ ಒಂದು ಹನಿ ಎಣ್ಣೆ. ಬೆಟ್ಟಮ್ಮ ಅದನ್ನು ಓರೆ ಮಾಡಿ ನೋಡುತ್ತಾರೆ. ಹನಿ ಕೆಳಕ್ಕೆ ಹರಿಯುತ್ತದೆ. ಚಳಿ ಶುರುವಾದಾಗಿನಿಂದ ದಿನಾ ಬೆಳಿಗ್ಗೆ ಅದು ಹರಿದಿದೆ, ಆದರೂ ಒಂದು ದಿನವೂ ಅವರು ನೋಡುವುದನ್ನು ಬಿಟ್ಟಿಲ್ಲ. ಯಾಕೆಂದರೆ ಹೋದ ವರ್ಷ ಇದೇ ಈಜುಕೊಳದಲ್ಲಿ ಒಂದು ಹನಿ ಎಣ್ಣೆಯಿಂದ ಆ ಹುಡುಗಿಯ ಜೀವಕ್ಕೇ ಸಂಚಕಾರ ಬಂದಿತ್ತು. ಆ ಹನಿಯನ್ನು ಬಿಟ್ಟ ಕೈ ಬೆಟ್ಟಮ್ಮನದೇ.

ಬೆಟ್ಟಮ್ಮನ ತವರು ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು. ಮದುವೆಯಾಗಿ ಬಂದಿದ್ದು ಹೊಳೆನರಸೀಪುರಕ್ಕೆ, ಟೈಲರ್ ರಂಗಸ್ವಾಮಿಯ ಕೈ ಹಿಡಿದು. ಮನೆಯ ಮುಂಭಾಗದ ಕೋಣೆಯೇ ಅಂಗಡಿ. ಆಗೆಲ್ಲ ಹೊಲಿಗೆ ಮಿಷನ್ ಕೆಟ್ಟರೆ ಅದರ ತಲೆಯನ್ನು ಬಿಚ್ಚಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಾಸನಕ್ಕೆ ಒಯ್ಯಬೇಕಿತ್ತು. ಮೆಕ್ಯಾನಿಕ್ ನಾಳೆ ಬಾ, ನಾಡಿದ್ದು ಬಾ ಎಂದು ಅಲೆಸುತ್ತಿದ್ದ. ಒಂದು ದೀಪಾವಳಿಯ ಹಿಂದಿನ ವಾರ, ಹೊಲಿಯಲು ಬಂದ ಬಟ್ಟೆ ಗುಡ್ಡದಂತೆ ಬಿದ್ದಿದ್ದಾಗ ಮಿಷನ್ ನಿಂತಿತು. ಬೆಟ್ಟಮ್ಮ ತಾವೇ ಸ್ಕ್ರೂಡ್ರೈವರ್ ಹಿಡಿದು ಕುಳಿತರು. ರಂಗಸ್ವಾಮಿ ತಲೆ ಮೇಲೆ ಕೈ ಹೊತ್ತರು. ಮಧ್ಯಾಹ್ನದ ಹೊತ್ತಿಗೆ ಮಿಷನ್ ಓಡಿತು.

ಅಲ್ಲಿಂದ ಮುಂದೆ ಅಕ್ಕಪಕ್ಕದ ಟೈಲರುಗಳ ಮಿಷನ್, ಆಮೇಲೆ ಹರದನಹಳ್ಳಿ ಕಡೆಯವರದು, ಆಮೇಲೆ ಅರಕಲಗೂಡಿನದು. ಈಗ ದಿನಕ್ಕೆ ನಾಲ್ಕೈದು ಮಿಷನ್ ಬರುತ್ತವೆ, ಅದಕ್ಕಿಂತ ಹೆಚ್ಚು ಕ್ಯೂಬು ಬರುತ್ತವೆ. ರಂಗಸ್ವಾಮಿ ಕತ್ತರಿ ಆಡಿಸುತ್ತಲೇ ಹೇಳುತ್ತಾರೆ: “ಬೋರ್ಡಲ್ಲಿ ನನ್ ಹೆಸ್ರಿದೆ. ಬಂದೋರೆಲ್ಲ ಕೇಳೋದು ಬೆಟ್ಟಮ್ಮನೋರು ಅವ್ರಾ ಅಂತ.”

ರಿಪೇರಿ ಚೆನ್ನಾಗಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದರೆ ಬೆಟ್ಟಮ್ಮನ ಬಳಿ ಒಂದೇ ಉತ್ತರ. ನೆನಪಿಗೆ ಅವರು ನೆಪ್ಪು ಎನ್ನುತ್ತಾರೆ. “ಒಲಿಯೋಳ್ಗೆ ಒಲಿಗೆ ನೆಪ್ಪಿರ್ಬೇಕು, ಬಟ್ಟೆ ನೆಪ್ಪಿರ್ಬೇಕು. ಮಿಷನ್ ನೆಪ್ಪಿಗ್ ಬಂತು ಅಂದ್ರೆ, ಎಲ್ಲೋ ಇಡೀತಾ ಐತೆ, ನನ್ ಕೆಲ್ಸ ಸರಿಯಾಗಿಲ್ಲ ಅಂತ.”

ಕ್ಯೂಬು ಈ ಮನೆಗೆ ಬಂದದ್ದು ಹಂಸಳ ಅಜ್ಜಿಯ ಜೊತೆ. ಅರಕಲಗೂಡಿನ ಕೋಟೆ ಬೀದಿಯ ಶ್ರೀರಂಗಮ್ಮನವರು ತಮ್ಮ ಹಳೇ ಮಿಷನ್ನಿನ ತಲೆಯನ್ನು ಆಟೋದಲ್ಲಿ ಹೊರಿಸಿಕೊಂಡು ಬಂದಿದ್ದರು. ಮೊಮ್ಮಗಳು ಹಂಸ ಮೂಲೆಯ ಸ್ಟೂಲಿನಲ್ಲಿ ಕುಳಿತು ಕ್ಯೂಬು ತಿರುಗಿಸುತ್ತಿದ್ದಳು. ತಿರುಗಿಸುವಾಗ ಕರಕ್ ಕರಕ್ ಎಂದು ಸಿಕ್ಕಿಕೊಳ್ಳುವ ಸದ್ದು. ಆ ಸದ್ದು ಕೇಳಿ ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ. “ಕೊಡವ್ವ ಇಲ್ಲಿ, ಪಾಪ ಅದು ಅಳ್ತಾ ಐತೆ” ಎಂದು ಇಸಿದುಕೊಂಡು ನಡುವಿನ ಮುಚ್ಚಳ ಎಬ್ಬಿದರು. ಒಳಗೊಂದು ಸ್ಕ್ರೂ, ಅದರ ಸುತ್ತ ಸ್ಪ್ರಿಂಗು. ಹೊಲಿಗೆ ಮಿಷನ್ನಿನ ಬಾಬಿನ್ ಕೇಸಿನಲ್ಲೂ ದಾರದ ಬಿಗಿ ನೋಡಿಕೊಳ್ಳುವ ಅಂಥದೇ ಪುಟ್ಟ ಸ್ಕ್ರೂ ಇದೆ. ಕೊಂಚ ಬಿಗಿಯಾದರೆ ದಾರ ಹರಿಯುತ್ತದೆ, ಕೊಂಚ ಸಡಿಲವಾದರೆ ಹೊಲಿಗೆ ಸಿಂಬಿ ಸುತ್ತುತ್ತದೆ. ಬೆಟ್ಟಮ್ಮ ಸ್ಕ್ರೂವನ್ನು ತುಸು ಸಡಿಲಿಸಿ ಕೊಟ್ಟರು. ಹಂಸ ತಿರುಗಿಸಿ ನೋಡಿ, ಅಜ್ಜಿಯ ಕಡೆ ಬಾಯಿ ಬಿಟ್ಟುಕೊಂಡು ನೋಡಿದಳು.

ಸುದ್ದಿ ಹಾಸನಕ್ಕೆ ಹೋಯಿತು. ಅಲ್ಲೊಂದು ಕ್ಯೂಬು ಬಳಗವಿದೆ. ನಡೆಸುವವರು ಸುದರ್ಶನ್, ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಕ್ಯೂಬು ಹೇಳಿಕೊಡುತ್ತಾರೆ. ಸುಮ್ಮನೆ ಮೇಜಿನ ಮುಂದೆ ಕೂತು ಬಿಡಿಸುವುದು ಇವರಿಗೆ ಎಂದೋ ಸಪ್ಪೆಯಾಗಿದೆ. ಒಬ್ಬ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಿಡಿಸುತ್ತಾನೆ. ಒಬ್ಬಳು ಕಾಲ್ಬೆರಳಲ್ಲಿ ಬಿಡಿಸುತ್ತಾಳೆ. ಇನ್ನೊಬ್ಬ ಕಂಬಿಗೆ ಮೊಣಕಾಲು ಸಿಕ್ಕಿಸಿ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಾ ಬಿಡಿಸುತ್ತಾನೆ. ಮೂರು ಕ್ಯೂಬನ್ನು ಗಾಳಿಗೆ ಎಸೆದು ಹಿಡಿಯುತ್ತಾ, ಕೈಗೆ ಬಂದ ಕ್ಷಣದಲ್ಲಿ ಒಂದೊಂದು ಸುತ್ತು ತಿರುಗಿಸಿ ಮೂರನ್ನೂ ಕೂಡಿಸುವವನೂ ಇದ್ದಾನೆ. ಹುಚ್ಚು ಎನ್ನಿ, ಹಟ ಎನ್ನಿ. ಅವರ ಹೆತ್ತವರೂ ಮೊದಲು ಅದನ್ನೇ ಅಂದಿದ್ದರು.

ಇವರಲ್ಲಿ ಒಬ್ಬೊಬ್ಬರ ಕ್ಯೂಬಿಗೆ ಒಂದೊಂದು ಹದ. ಕಾಲಲ್ಲಿ ಆಡುವವಳಿಗೆ ತೀರಾ ಸಡಿಲ ಬೇಕು, ಹೆಬ್ಬೆರಳಿಗೆ ಅಷ್ಟು ಬಲವಿರುವುದಿಲ್ಲ. ಎಸೆದು ಹಿಡಿಯುವವನಿಗೆ ಬಿಗಿ ಬೇಕು, ಇಲ್ಲದಿದ್ದರೆ ಗಾಳಿಯಲ್ಲೇ ತುಂಡುಗಳು ಉದುರುತ್ತವೆ. ಕಣ್ಣು ಕಟ್ಟಿಕೊಂಡವನಿಗೆ ಒಂದೊಂದು ಸುತ್ತು ಮುಗಿದದ್ದೂ ಬೆರಳಿಗೆ ಖಚಿತವಾಗಿ ತಿಳಿಯಬೇಕು. “ನಾವು ಆನ್‌ಲೈನಲ್ಲಿ ಎಷ್ಟೋ ವೀಡಿಯೋ ನೋಡಿ ಟ್ರೈ ಮಾಡಿದ್ವಿ. ಬೆಟ್ಟಮ್ಮನೋರು ಮೊದ್ಲು ಹುಡುಗರ ಕೈ ಹಿಡ್ಕೊಂಡು ಬೆರಳು ಒತ್ತಿ ನೋಡ್ತಾರೆ, ಆಮೇಲೆ ಕ್ಯೂಬ್ ಮುಟ್ತಾರೆ. ಬ್ಲೌಸಿಗೆ ಅಳತೆ ತಗೊಂಡ ಹಾಗೆ!” ಎನ್ನುತ್ತಾರೆ ಸುದರ್ಶನ್.

ಎಲ್ಲವೂ ಸಲೀಸಾಗಿ ಬಂದದ್ದೇನಲ್ಲ. ಮೊದಮೊದಲು ಬಿಚ್ಚಿದ ತುಂಡುಗಳನ್ನು ಕೈಗೆ ಸಿಕ್ಕ ಹಾಗೆ ಜೋಡಿಸಿ ಕಳಿಸುತ್ತಿದ್ದರು. ಹಾಗೆ ಜೋಡಿಸಿದರೆ ಎಂಥ ಜಾಣನಿಗೂ ಅದು ಕೂಡುವುದಿಲ್ಲ. ಹುಡುಗರು ಎರಡು ದಿನ ಒದ್ದಾಡಿ ಓಡಿಬಂದರು. ಅಂದಿನಿಂದ ಬೆಟ್ಟಮ್ಮ ಪೂರಾ ಕೂಡಿದ ಕ್ಯೂಬನ್ನೇ ಬಿಚ್ಚುತ್ತಾರೆ, ಬಣ್ಣ ಕೂಡಿಸಿಯೇ ಜೋಡಿಸುತ್ತಾರೆ.

ಹಂಸಳದು ನೀರಿನ ಹುಚ್ಚು. ಅರಕಲಗೂಡಿನ ಜೆರಾಕ್ಸ್ ಅಂಗಡಿಯೊಂದರಲ್ಲಿ ಅವಳಿಗೆ ಕೆಲಸ. ನೀರೇ ಯಾಕಮ್ಮ ಎಂದರೆ ಅವಳು ಹೇಳುತ್ತಾಳೆ: “ದಿನಾ ಬೆಳಗಿಂದ ಸಂಜೆವರೆಗೂ ಎಲ್ಲರೂ ನನಗೆ ‘ಬೇಗ ಕೊಡಮ್ಮ, ಬೇಗ ಕೊಡಮ್ಮ’ ಅಂತಾರೆ. ನೀರೊಳಗೆ ಯಾರೂ ಬೇಗ ಅನ್ನಲ್ಲ. ನನ್ನ ಉಸಿರೊಂದೇ ಅನ್ನುತ್ತೆ. ಅದು ಅಂದ್ರೆ ನನಗೆ ಬೇಜಾರಿಲ್ಲ.”

ಆದರೆ ನೀರಿಗೆ ಎಣ್ಣೆ ಹೊಂದಿಸುವುದು ಬೆಟ್ಟಮ್ಮನಿಗೆ ದೊಡ್ಡ ಪಾಡಾಯಿತು. ಕ್ಯೂಬಿಗೆಂದೇ ಮಾರುವ ಎಣ್ಣೆಯನ್ನು ಹುಡುಗರು ತಂದುಕೊಟ್ಟರು. ಅದು ನೀರಲ್ಲಿ ತೊಳೆದುಹೋಯಿತು. ಹೊಲಿಗೆ ಮಿಷನ್ನಿನ ಎಣ್ಣೆ ಬಿಟ್ಟರು. ಒಂದು ತಿಂಗಳಿಗೆ ಪ್ಲಾಸ್ಟಿಕ್ಕು ಬಿರುಕು ಬಿಟ್ಟಿತು. ಕೊನೆಗೆ ಬೆಟ್ಟಮ್ಮ ಅಡುಗೆಮನೆಗೆ ಹೋಗಿ ತವರಿನ ಬಾಟಲಿ ತಂದರು. ಬಾಗೂರಿನ ತೆಂಗಿನಕಾಯಿಯ ಕೊಬ್ಬರಿ ಎಣ್ಣೆ, ಅಣ್ಣ ಗಾಣಕ್ಕೆ ಹಾಕಿಸಿ ಕಳಿಸುವುದು. ನೀರಿಗೆ ಹೋಗುವುದಿಲ್ಲ, ಪ್ಲಾಸ್ಟಿಕ್ಕಿಗೆ ಏನೂ ಮಾಡುವುದಿಲ್ಲ. ಕ್ಯೂಬು ಬೆಣ್ಣೆಯ ಹಾಗೆ ಜಾರಿತು. ಬೇಸಿಗೆಯಿಡೀ, ಮಳೆಗಾಲವಿಡೀ ಹಂಸ ಅದರಲ್ಲೇ ಅಭ್ಯಾಸ ಮಾಡಿದಳು. ತವರಿನ ಎಣ್ಣೆ ಗೆದ್ದಿತೆಂದು ಬೆಟ್ಟಮ್ಮ ಬೀದಿಗೆಲ್ಲ ಹೇಳಿಕೊಂಡರು.

ಹೋದ ವರ್ಷ ಡಿಸೆಂಬರಿನಲ್ಲಿ ಬಳಗದ ವರ್ಷಾಂತ್ಯದ ಕೂಟ. ಹೊರಡುವ ಹಿಂದಿನ ಸಂಜೆ ಬೆಟ್ಟಮ್ಮ ಐದೂ ಕ್ಯೂಬನ್ನು ಮತ್ತೊಮ್ಮೆ ನೋಡಿದರು. ಎರಡು ಚೆನ್ನಾಗಿಯೇ ಇದ್ದವು, ಹಾಗೇ ಬಿಟ್ಟರು. ಉಳಿದ ಮೂರಕ್ಕೆ ಇರಲಿ ಎಂದು, ಪ್ರೀತಿಯಿಂದ, ಇನ್ನೊಂದೊಂದು ಹನಿ ಬಿಟ್ಟು ಕಳಿಸಿದರು. ಬೆಳಿಗ್ಗೆ ಹಂಸ ಮುಳುಗಿದಳು. ಮೊದಲನೆಯದು ಕೂಡಿತು, ಎರಡನೆಯದೂ ಕೂಡಿತು. ಮೂರನೆಯದು ತಿರುಗಲಿಲ್ಲ. ಅವಳು ಜೋರು ಮಾಡಿದಳು, ಬಿಡಲಿಲ್ಲ, ಮೇಲೂ ಬರಲಿಲ್ಲ. ಕೈ ಸೋತದ್ದು ಕಂಡ ಸುದರ್ಶನ್ ಬಟ್ಟೆಯಲ್ಲೇ ಹಾರಿ ಅವಳನ್ನು ಎಳೆದು ತಂದರು. ನೀರು ಕಕ್ಕಿ ಸುಧಾರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ನೋಡಿದವರು ಹುಡುಗಿ ಹೆದರಿಬಿಟ್ಟಳು ಎಂದರು. ಹಂಸಳೂ ಅದನ್ನೇ ನಂಬಿದಳು. ತಲೆ ಖಾಲಿಯಾಯಿತು, ಕೈಗೆ ತಿಳಿದದ್ದನ್ನೇ ಮರೆತೆ ಎಂದುಕೊಂಡು ಕ್ಯೂಬು ಮುಟ್ಟುವುದನ್ನೇ ಬಿಟ್ಟಳು. ಸುದರ್ಶನ್ ಐದೂ ಕ್ಯೂಬನ್ನು ಹೊಳೆನರಸೀಪುರಕ್ಕೆ ತಂದು ತೋರಿಸಿದರು. ಅದು ಮಧ್ಯಾಹ್ನದ ಬಿಸಿಲು. ಬೆಟ್ಟಮ್ಮನ ಕೈಯಲ್ಲಿ ಮೂರನೆಯದೂ ಸರಾಗವಾಗಿ ತಿರುಗಿತು. ಸದ್ಯ, ನಮ್ಮ ತಪ್ಪಿಲ್ಲ ಎಂದು ಅವರು ಉಸಿರುಬಿಟ್ಟು, ಕ್ಯೂಬುಗಳನ್ನು ಅಂಗಡಿಯಲ್ಲೇ ಎತ್ತಿಟ್ಟರು.

ಮೂರು ನಾಲ್ಕು ದಿನ ಕಳೆದಿರಬೇಕು. ಭಾನುವಾರದ ಎಣ್ಣೆ ಸ್ನಾನಕ್ಕೆ ಕುಳಿತ ರಂಗಸ್ವಾಮಿ ಬಚ್ಚಲಿನಿಂದ ಕೂಗಿದರು: “ಏ ಇವ್ಳೇ, ಎಣ್ಣೆ ಗಟ್ಟಿಯಾಗದೆ, ಒಲೆ ಪಕ್ಕ ಇಟ್ ಕೊಡು.”

ಚಳಿಗಾಲದಲ್ಲಿ ಈ ಸೀಮೆಯ ಯಾವ ಮನೆಯಲ್ಲಿ ಈ ಮಾತು ಕೇಳುವುದಿಲ್ಲ ಹೇಳಿ? ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಹೆಪ್ಪುಗಟ್ಟುವುದು, ಅದನ್ನು ಒಲೆಯ ಬಳಿಯೋ ಬಿಸಿಲಿಗೋ ಇಡುವುದು ಬೆಟ್ಟಮ್ಮ ಹುಟ್ಟಿದಾಗಿನಿಂದ ಕಂಡದ್ದೇ. ಅವತ್ತು ಬಾಟಲಿ ಕೈಗೆತ್ತಿಕೊಂಡವರು ಅಲ್ಲೇ ನಿಂತುಬಿಟ್ಟರು. ಆಮೇಲೆ ಹಿತ್ತಲಿನ ತೊಟ್ಟಿಯ ನೀರಿಗೆ ಮೂರನೆಯ ಕ್ಯೂಬನ್ನು ಹಾಕಿ, ಒಂದಷ್ಟು ಹೊತ್ತು ಕಾದು, ತಿರುಗಿಸಿದರು. ಅದು ಕಲ್ಲಾಗಿತ್ತು.

“ನನ್ ಕೈ ಕಡಿದ್ ಬುದ್ದಂಗಾಯ್ತು,” ಎನ್ನುತ್ತಾರೆ ಬೆಟ್ಟಮ್ಮ. “ಎಣ್ಣೆ ಗಟ್ಟಿಯಾಯ್ತದೆ ಅಂತ ಗೊತ್ತಿತ್ತು. ಈಜೋ ಕೊಳ ತಣ್ಣಗಿರ್ತದೆ ಅಂತ್ಲೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ನೆನೀಲಿಲ್ಲ ನೋಡಿ. ತಲೆಗೆ ಅಚ್ಚೋ ಎಣ್ಣೆ ಅಂತ್ಲೇ ನನ್ ಮನ್ಸಲ್ಲಿ ಇತ್ತು.”

ರಂಗಸ್ವಾಮಿ ಸಮಾಧಾನ ಹೇಳಿದರು. ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿಲ್ಲ, ಹುಡುಗಿ ಚೆನ್ನಾಗಿದ್ದಾಳೆ, ಸುಮ್ಮನಿರು ಎಂದರು. ಬೆಟ್ಟಮ್ಮ ಒಂದು ರಾತ್ರಿ ಸುಮ್ಮನಿದ್ದರು. ಮರುದಿನ ಮೂರನೆಯ ಕ್ಯೂಬನ್ನು ತಣ್ಣೀರು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು, ಅರಕಲಗೂಡಿನ ಮೊದಲ ಬಸ್ಸು ಹತ್ತಿದರು.

ಜೆರಾಕ್ಸ್ ಅಂಗಡಿ ಆಗಷ್ಟೇ ಬಾಗಿಲು ತೆಗೆದಿತ್ತು. ಬೆಟ್ಟಮ್ಮ ಡಬ್ಬಿ ತೆರೆದು ಹಂಸಳ ಮುಂದಿಟ್ಟರು. “ತಿರುಗ್ಸು ಮಗ,” ಎಂದರು. ಹಂಸ ಎರಡು ಸಲ ಪ್ರಯತ್ನಿಸಿ ತಲೆಯೆತ್ತಿದಳು. “ನೀನ್ ಎದ್ರಲಿಲ್ಲ ಕಣವ್ವ. ನೀನ್ ಮರೀಲೂ ಇಲ್ಲ. ನಾನು ಕೊಬ್ರಿ ಎಣ್ಣೆ ಬುಟ್ಟಿದ್ದೆ, ಚಳೀಗೆ ಗಟ್ಟಿಯಾಗ್ಬುಟ್ಟದೆ. ತಪ್ಪು ನಂದು.”

ಹಂಸ ತಕ್ಷಣ ಕ್ಷಮಿಸಿಬಿಟ್ಟಳೆಂದು ಬರೆದರೆ ಅದು ಸುಳ್ಳಾಗುತ್ತದೆ. ಅವಳಿಗೆ ಸಿಟ್ಟು ಬಂತು, ಅಳು ಬಂತು. “ರಾತ್ರಿ ಹೊತ್ತು ನಿದ್ದೆಯಲ್ಲೂ ಕೈ ತಿರುಗಿಸ್ತಿದ್ದೆ ದೊಡ್ಡಮ್ಮ. ನನ್ನ ತಲೆಗೇ ಏನೋ ಆಗಿದೆ ಅಂದ್ಕೊಂಡಿದ್ದೆ. ನೀವು ಹೋಗಿ ಇಲ್ಲಿಂದ,” ಎಂದಳು. ಅಷ್ಟರಲ್ಲಿ ಯಾರೋ ಬಂದು ಆಧಾರ್ ಕಾರ್ಡ್ ಚಾಚಿ ಎರಡು ಕಾಪಿ ಬೇಗ ಎಂದರು. ಬೆಟ್ಟಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಬಳಗದವರಿಗೂ ತಾವೇ ಫೋನ್ ಮಾಡಿ ಹೇಳಿದರು. ಒಂದಷ್ಟು ದಿನ ಅವರ ಅಂಗಡಿಗೆ ಒಂದೂ ಕ್ಯೂಬು ಬರಲಿಲ್ಲ. ಅದು ನ್ಯಾಯವೇ ಎಂದು ಅವರು ಮಿಷನ್ ರಿಪೇರಿ ಮಾಡಿಕೊಂಡಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹಂಸ ಒಬ್ಬಳೇ ಬಂದಳು. ಮೇಜಿನ ಮೇಲೆ ಐದು ಹೊಸ ಕ್ಯೂಬು ಇಟ್ಟಳು. “ಈ ವರ್ಷ ಮತ್ತೆ ಮುಳುಗ್ತೀನಿ. ಹೆದರಿಲ್ಲ ಅಂತ ನೀವೇ ಹೇಳಿದ್ರಲ್ಲ, ಈಗ ಕ್ಯೂಬ್ ನೀವೇ ರೆಡಿ ಮಾಡ್ಕೊಡಿ.”

ಬೆಟ್ಟಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. “ಬ್ಯಾಡ ಮಗ. ಬಟ್ಟೆ ಕೆಟ್ರೆ ಇನ್ನೊಂದ್ ಒಲೀಬೋದು. ಇದು ಉಸ್ರಿನ್ ಇಸ್ಯ.”

“ತಪ್ಪು ಅಂತ ಬಸ್ಸಲ್ಲಿ ಬಂದು ಹೇಳೋರು ಇನ್ನೊಬ್ರು ಸಿಗಲ್ಲ ನನಗೆ,” ಎಂದಳು ಹಂಸ. ಸ್ಟೂಲು ಎಳೆದುಕೊಂಡು ಕುಳಿತಳು. ಎದ್ದು ಹೋಗುವ ಲಕ್ಷಣ ಕಾಣಲಿಲ್ಲ. ಬೆಟ್ಟಮ್ಮ ಕೊನೆಗೆ ಅವಳ ಬೆರಳು ಹಿಡಿದು ಒತ್ತಿ ನೋಡಿದರು.

ಹಾಸನದ ಗಾರ್ಮೆಂಟ್ಸ್ ಒಂದರಲ್ಲಿ ಮೆಕ್ಯಾನಿಕ್ ಆಗಿರುವ ನಟರಾಜು ಬೆಟ್ಟಮ್ಮನಿಗೆ ಹಳೇ ಪರಿಚಯ. ಅಲ್ಲಿಯ ಮಿಷನ್ನುಗಳು ಎಷ್ಟು ಜೋರಾಗಿ ಓಡುತ್ತವೆಂದರೆ ಸೂಜಿಯ ಬಿಸಿಗೆ ದಾರವೇ ಹರಿಯುತ್ತದೆ. ಹರಿಯದಿರಲೆಂದು ದಾರಕ್ಕೆ ಸಿಲಿಕೋನ್ ಎಣ್ಣೆ ಸವರುತ್ತಾರೆ. ಅದನ್ನೊಂದು ಪುಟ್ಟ ಬಾಟಲಿಯಲ್ಲಿ ತರಿಸಿಕೊಂಡ ಬೆಟ್ಟಮ್ಮ, ಈ ಸಲ ಯಾರ ಮಾತನ್ನೂ ನಂಬಲಿಲ್ಲ, ತಮ್ಮ ಮಾತನ್ನೂ ನಂಬಲಿಲ್ಲ. ಬಿಸಿಲಲ್ಲಿ ಇಟ್ಟರು, ಫ್ರಿಜ್ಜಿನಲ್ಲಿ ಇಟ್ಟರು, ಚಳಿ ಬಂದ ಮೇಲೆ ಮಂಜಿನಲ್ಲಿ ಇಟ್ಟರು. ಆ ಎಣ್ಣೆ ಬಿಟ್ಟ ಕ್ಯೂಬುಗಳನ್ನು ತಣ್ಣೀರಿಗೆ ಹಾಕಿ ತಿರುಗಿಸಿ ನೋಡಿದರು. ಕೆಂಚಯ್ಯ ಕಂಡ ಬಕೆಟ್ಟು ಅದೇ. ಬೆಳಗಿನ ತಣ್ಣೀರಿನಲ್ಲಿ ಕೈ ಇಟ್ಟೂ ಇಟ್ಟೂ ಅವರ ಬೆರಳಿನ ಗೆಣ್ಣು ಊದಿಕೊಂಡಿದೆ.

ಹತ್ತು ಗಂಟೆ, ಹಾಸನ. ಬಿಸಿಲು ಬಂದಿದೆ, ನೀರಿಗಿನ್ನೂ ಅದು ತಾಕಿಲ್ಲ. ಬಳಗದ ಹುಡುಗರು ಕೊಳದ ಸುತ್ತ ನೆರೆದಿದ್ದಾರೆ. ಈ ಸಲ ಸುದರ್ಶನ್ ಮೊದಲೇ ನೀರಿಗಿಳಿದು ಕಾಯುತ್ತಿದ್ದಾರೆ. ಬೆಟ್ಟಮ್ಮ ಬಂದದ್ದು ಇದೇ ಮೊದಲು. ಬರಲೇಬೇಕೆಂದು ಹಂಸ ಹಟ ಹಿಡಿದಿದ್ದಾಳೆ. ಚಪ್ಪಲಿ ಬಿಟ್ಟು, ಸೆರಗು ಬಿಗಿಯಾಗಿ ಹಿಡಿದು ಕೊಳದ ಅಂಚಿನಲ್ಲಿ ನಿಂತಿದ್ದಾರೆ. ಹಂಸ ಅವರ ಕಡೆ ನೋಡುವುದಿಲ್ಲ. ಕಣ್ಣು ಮುಚ್ಚಿ ಉಸಿರು ತುಂಬಿಕೊಂಡು ಮುಳುಗುತ್ತಾಳೆ.

ಮೇಲಿನಿಂದ ಕಾಣುವುದು ನೀರಿನಲ್ಲಿ ಅಲುಗುವ ಬಣ್ಣ ಮಾತ್ರ. ಒಂದು ಕ್ಯೂಬು ಸೊಂಟದ ಬಲೆಚೀಲ ಸೇರುತ್ತದೆ. ಇನ್ನೊಂದು ಸೇರುತ್ತದೆ. ಮೂರನೆಯದನ್ನು ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಬೆಟ್ಟಮ್ಮ ನೀರಿನ ಕಡೆಗೆ ಬಗ್ಗುತ್ತಾರೆ. “ತಿರುಗು, ತಿರುಗು ನಮ್ಮಪ್ಪ,” ಎಂದು ಕ್ಯೂಬನ್ನೇ ಬೇಡಿಕೊಳ್ಳುತ್ತಾರೆ. ಹಂಸ ಬರೀ ಬಣ್ಣ ನೋಡುತ್ತಿದ್ದಳು, ಅಷ್ಟೆ. ಕೈ ಮತ್ತೆ ಓಡುತ್ತದೆ. ನಾಲ್ಕು. ಐದು. ನೀರು ಸೀಳಿಕೊಂಡು ಅವಳ ತಲೆ ಮೇಲೆ ಬರುತ್ತದೆ, ಜೊತೆಗೆ ಬಲೆಚೀಲ ಎತ್ತಿದ ಕೈ. ಹುಡುಗರ ಕೂಗಿಗೆ ಈಜುಕೊಳದ ಗೇಟಿನಾಚೆ ನಿಂತ ಆಟೋದವರೂ ಇಣುಕುತ್ತಾರೆ. ಬೆಟ್ಟಮ್ಮ ಒದ್ದೆ ನೆಲದ ಮೇಲೇ ಕುಸಿದು ಕುಳಿತು ಅತ್ತುಬಿಡುತ್ತಾರೆ. ಹಂಸ ನೀರಿನಿಂದ ಕೈ ಚಾಚಿ ಅವರ ಪಾದ ಹಿಡಿದು ಅಲುಗಿಸುತ್ತಾಳೆ. ಬೆಟ್ಟಮ್ಮ ಬಗ್ಗಿ ಅವಳ ಕಿವಿಯಲ್ಲಿ ಏನೋ ಕೇಳುತ್ತಾರೆ. ಅವಳು ತಲೆಯಾಡಿಸಿ ಇಲ್ಲ ಎಂದು ನಗುತ್ತಾಳೆ.

ಸುದರ್ಶನ್ ಮೈಕಿನಲ್ಲಿ ಹೆಸರು ಹಿಡಿದು ಕರೆಯುತ್ತಾರೆ. ಬೆಟ್ಟಮ್ಮ ಹೋಗುವುದಿಲ್ಲ. ಬಿಸಿಲಿದ್ದ ಮೂಲೆ ಹುಡುಕಿ, ಟವೆಲ್ ಹಾಸಿ, ಐದೂ ಕ್ಯೂಬನ್ನು ಬಿಚ್ಚಿ ಒರೆಸುತ್ತಾ ಕುಳಿತಿದ್ದಾರೆ. ಸ್ಪ್ರಿಂಗಿಗೆ ನೀರು ನಿಂತರೆ ತುಕ್ಕು ಹಿಡಿಯುತ್ತದೆ. ಅಷ್ಟರಲ್ಲಿ ರಂಗಸ್ವಾಮಿಯ ಫೋನು ಬರುತ್ತದೆ. ಮದುವೆ ಬ್ಲೌಸುಗಳ ರಾಶಿ ಬಿಟ್ಟು ಅವರು ಬಂದಿಲ್ಲ. ಬೆಟ್ಟಮ್ಮ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಳ್ಳುತ್ತಾರೆ, ಕೈ ಕೆಲಸ ನಿಲ್ಲುವುದಿಲ್ಲ.

“ಊಂ ಕಣ್ರೀ, ಐದೂ ಆಯ್ತು. ಮಗು ಚೆನ್ನಾಗವ್ಳೆ... ಇಲ್ಲ, ನಾನೆಲ್ಲಿ ಮೈಕಲ್ಲಿ ಮಾತಾಡ್ಲಿ, ಬುಡಿ. ಒಂದೇ ಮಾತ್ ಕೇಳ್ದೆ ಅವ್ಳುನ್ನ. ನೀರೊಳ್ಗೆ ಕ್ಯೂಬು ನೆಪ್ಪಿಗ್ ಬಂತಾ, ನಾನ್ ನೆಪ್ಪಿಗ್ ಬಂದ್ನಾ ಅಂತ.” ಊದಿದ ಬೆರಳಿನಿಂದ ಸ್ಪ್ರಿಂಗೊಂದನ್ನು ಬಿಸಿಲಿಗೆ ಹಿಡಿದು ನೋಡುತ್ತಾರೆ. “ಒಂದ್ ಸಲಾನೂ ಬರ್ಲಿಲ್ಲ ಅಂದ್ಲು ಕಣ್ರೀ.”